ಹಾಲಿನ ಲೆಕ್ಕಕ್ಕೆ ಸೇರದ ಗಂಡುಕರು

ಎಲ್ಲರಿಗೂ ನಮಸ್ಕಾರ.

ಮಾಂಸದ ಜೊತೆಗೆ ಹಾಲು, ಮೊಟ್ಟೆಯನ್ನೂ ಬಿಟ್ಟ ವೀಗನ್ ಆಹಾರದ ಬಗ್ಗೆ ಉಪನ್ಯಾಸ ಅಂದ ಕೂಡಲೇ ಮಾಂಸ ತಿನ್ನುವವರು ಬೈಸಿಕೊಳ್ಳಲು ಸಿದ್ಧರಾಗಿ ಬರುತ್ತಾರೆ, ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಕೂರುತ್ತಾರೆ. ಇವತ್ತಿನ ಮಾತು ಹೆಚ್ಚಾಗಿ ಆ ನಿಶ್ಚಿಂತರಿಗೆ. 1944ರಲ್ಲಿ ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದ್ದು ಕೂಡ ಮಾಂಸಾಹಾರಿಗಳ ಜೊತೆ ಜಗಳವಾಡಿ ಅಲ್ಲ. ಸಸ್ಯಾಹಾರಿಗಳ ನಡುವೆಯೇ ಹಾಲಿನ ವಿಷಯಕ್ಕೆ ಒಮ್ಮತ ಮುರಿದಿತ್ತು.

ಹಾಲಿನಲ್ಲಿ ಏನು ತಕರಾರು? ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಹಾಲು ನಿಲ್ಲಬಾರದು ಅಂದರೆ ಈದ ಕೆಲವೇ ತಿಂಗಳಲ್ಲಿ ಅದು ಮತ್ತೆ ಗಬ್ಬವಾಗಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಹಾಲಿಗಾಗಿಯೇ ಹಸು ಸಾಕುವವನಿಗೆ ಗಂಡುಕರುವಿನ ಮೇವು ಬರೀ ನಷ್ಟ. ಹಾಗಾಗಿ ಅದು ಮಾಂಸಕ್ಕೆ ಹೋಗುತ್ತದೆ, ಇಲ್ಲವೇ ಕೇಳುವವರಿಲ್ಲದೆ ಸಾಯುತ್ತದೆ. ಇಪ್ಪತ್ತು ವರ್ಷ ಬದುಕಬಲ್ಲ ಹಸುವನ್ನು ದೊಡ್ಡ ಡೈರಿಗಳು ಐದಾರು ವರ್ಷಕ್ಕೇ ಕಸಾಯಿಖಾನೆಗೆ ಸಾಗಿಸುತ್ತವೆ.

ಮೊಟ್ಟೆಯ ಕಥೆ ಇನ್ನೂ ಬೇಗ ಮುಗಿಯುತ್ತದೆ. ಹ್ಯಾಚರಿಯಲ್ಲಿ ಮರಿ ಒಡೆದ ದಿನವೇ ಹೆಣ್ಣು, ಗಂಡು ಬೇರ್ಪಡಿಸುತ್ತಾರೆ. ಮೊಟ್ಟೆ ತಳಿಯ ಹುಂಜ ಮೊಟ್ಟೆಯಂತೂ ಇಡದು, ಮಾಂಸಕ್ಕೂ ಬೇಗ ಬೆಳೆಯದು. ಹಳದಿ ಬಣ್ಣದ, ಇನ್ನೂ ರೆಕ್ಕೆ ಒಣಗದ ಆ ಮರಿಗಳನ್ನು ಅವತ್ತೇ ಅನಿಲ ಬಿಟ್ಟೋ ಯಂತ್ರಕ್ಕೆ ಹಾಕಿಯೋ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಅಲ್ಲೀಗ ಮೊಟ್ಟೆಯೊಳಗೇ ಲಿಂಗ ಪತ್ತೆ ಮಾಡುವ ತಂತ್ರ ಬಂದಿದೆ. ಮಾಂಸ ಬಿಟ್ಟು ಆ ಜಾಗಕ್ಕೆ ಮೊಟ್ಟೆ, ಪನೀರು ತುಂಬಿಸಿಕೊಂಡವರು ಸಾವನ್ನು ಕಡಿಮೆ ಮಾಡಿದರೋ, ಕಣ್ಣಿಗೆ ಕಾಣದಂತೆ ಮಾಡಿದರೋ?

ಪರಿಸರದ ಮಾತು ಸೇರಿಸಿದರೆ ಗೋಜಲು ಹೆಚ್ಚುತ್ತದೆ. ಹವಾಮಾನದ ದೃಷ್ಟಿಯಿಂದ ದನದ ಮಾಂಸ ಎಲ್ಲಕ್ಕಿಂತ ಕೆಟ್ಟದ್ದು, ಅದರ ಬದಲು ಕೋಳಿ ತಿನ್ನಿ ಅನ್ನುತ್ತಾರೆ. ಒಂದು ದನದಿಂದ ಸಿಗುವಷ್ಟು ಮಾಂಸಕ್ಕೆ ನೂರಕ್ಕೂ ಹೆಚ್ಚು ಕೋಳಿ ಬೇಕು, ಅದೂ ಬಹುಪಾಲು ಇಕ್ಕಟ್ಟಿನ ಶೆಡ್ಡಿನಲ್ಲಿ ಆರೇಳು ವಾರ ಬದುಕಿದವು. ಭೂಮಿಯ ತಾಪ ತಗ್ಗಿಸಲು ಹೊರಟವರು ನೋವಿನ ಲೆಕ್ಕ ಏರಿಸಿರುತ್ತಾರೆ. ಎರಡು ಲೆಕ್ಕವೂ ಹೊಂದಬೇಕಾದರೆ ಬೇಳೆಕಾಳಿಗೆ ಬರಬೇಕು. ಒಮ್ಮೆಗೇ ಎಲ್ಲ ಬಿಡಲಾಗದು ಅನ್ನುವವರು ನನ್ನನ್ನು ಕೇಳಿದರೆ, ಮೊದಲು ಬಿಡಬೇಕಾದ್ದು ಕೋಳಿ ಮತ್ತು ಮೊಟ್ಟೆ. ಈ ಸಲಹೆ ಯಾರಿಗೂ ಹಿಡಿಸುವುದಿಲ್ಲ, ಅದು ನನಗೂ ಗೊತ್ತು.

‘ಬೆಳೆ ಬೆಳೆಯುವಾಗ ಇಲಿ, ಹುಳ ಸಾಯುವುದಿಲ್ಲವೇ?’ ಎಂದು ಕೇಳುವವರು ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ. ಸಾಯುತ್ತವೆ. ಬಾದಾಮಿ ತೋಟಗಳ ಪರಾಗಸ್ಪರ್ಶಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಪ್ರತಿವರ್ಷ ಲಾರಿಗಟ್ಟಲೆ ಜೇನುಪೆಟ್ಟಿಗೆ ಹೊತ್ತೊಯ್ಯುತ್ತಾರೆ, ಬಾದಾಮಿ ಹಾಲು ಕುಡಿಯುವವರಿಗೂ ಒಂದು ಲೆಕ್ಕ ಬಾಕಿ ಇದೆ. ಆದರೆ ಸಾಕುಪ್ರಾಣಿಗೆ ಹಾಕುವ ಕಾಳೂ ಹೊಲದಲ್ಲೇ ಬೆಳೆಯುವುದು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ಹುಲ್ಲುಗಾವಲೂ ಸೇರಿದ ಜಗತ್ತಿನ ಕೃಷಿಭೂಮಿಯಲ್ಲಿ ಶೇ. 83ರಷ್ಟು ಪ್ರಾಣಿಜನ್ಯ ಆಹಾರಕ್ಕೆ ಬಳಕೆಯಾಗುತ್ತದೆ, ಅದರಿಂದ ಸಿಗುವ ಕ್ಯಾಲೊರಿ ಶೇ. 18 ಮಾತ್ರ. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ನೆಲದಲ್ಲಿ ಕುರಿ ಕಾಯ್ದು ಬದುಕುವವರಿಗೆ ಈ ಅಂಕಿ ತೋರಿಸಿ ಪಾಠ ಹೇಳಬೇಡಿ, ಅಷ್ಟೆ.

ನಾನು ಒಂಚೂರೂ ಬಿಟ್ಟುಕೊಡದ ವಿಷಯ ವಿಟಮಿನ್ ಬಿ-12. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಪೂರಕ ಬೆರೆಸದ ವೀಗನ್ ಆಹಾರದಿಂದ ಅದು ನೆಚ್ಚುವಷ್ಟು ಸಿಗುವುದಿಲ್ಲ. ವೀಗನ್ ತಾಯಿ ಬಿ-12 ಮಾತ್ರೆ ತೆಗೆದುಕೊಳ್ಳದಿದ್ದರೆ ಎದೆಹಾಲಲ್ಲೂ ಕೊರತೆಯಾಗಿ ಮಗುವಿನ ನರಗಳಿಗೆ ಪೆಟ್ಟು ಬೀಳಬಹುದು. ನನ್ನ ತತ್ವಕ್ಕೆ ನನ್ನ ದೇಹ ಒಡ್ಡಬಹುದು. ಮಾತು ಬಾರದ ಕೂಸನ್ನು ಒಡ್ಡಲು ನಾನ್ಯಾರು?

ಮನೆಯ ಬೆಕ್ಕಿನ ಪ್ರಶ್ನೆಯೂ ಇಂಥದ್ದೇ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ, ಸಸ್ಯಗಳಲ್ಲಿ ಟಾರಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾಂಸ ಹಾಕದಿದ್ದರೆ ಬೆಕ್ಕಿಗೆ ಅನ್ಯಾಯ, ಹಾಕಿದರೆ ಕೋಳಿಗೆ. ಕೃತಕ ಟಾರಿನ್ ಬೆರೆಸಿದ ವೀಗನ್ ತಿನಿಸು ಮಾರುಕಟ್ಟೆಯಲ್ಲಿದೆ, ಪಶುವೈದ್ಯರನ್ನು ಕೇಳದೆ ಅದನ್ನು ಹಾಕಿ ಎಂದು ನಾನಂತೂ ಹೇಳಲಾರೆ.

ಇನ್ನು ನಿಮ್ಮ ಪ್ರಶ್ನೆಗಳು. ಬೆಕ್ಕು ಸಾಕಿದವರೇ ಶುರು ಮಾಡಬಹುದು.