ದೊರೆಮಗನ ಮುಂದೆ ಒಂದು ಊರಿನ ಅಹವಾಲು

ಕೇಳುಗರೆಲ್ಲರಿಗೂ ನಮಸ್ಕಾರ.

1635ರ ಏಪ್ರಿಲ್ 17. ಇಂದಿನ ಬೆಲ್ಜಿಯಂನಲ್ಲಿರುವ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಆಂಟ್ವೆರ್ಪ್ ನಗರಕ್ಕೆ ಹೊಸ ರಾಜಪ್ರತಿನಿಧಿಯ ಸವಾರಿ ಬಂತು. ಹೆಸರು ಫರ್ಡಿನಂಡ್. ಸ್ಪೇನಿನ ದೊರೆ ನಾಲ್ಕನೇ ಫಿಲಿಪ್‌ನ ತಮ್ಮ. ಹಿಂದಿನ ವರ್ಷವಷ್ಟೇ ಜರ್ಮನಿಯ ನೋರ್ಡ್ಲಿಂಗನ್‌ನಲ್ಲಿ ಯುದ್ಧ ಗೆದ್ದವನು. ಅವನಿಗಾಗಿ ಬೀದಿಬೀದಿಗಳಲ್ಲಿ ಮರ, ಬಟ್ಟೆ, ಬಣ್ಣದ ದೊಡ್ಡ ಕಮಾನುಗಳು ಎದ್ದಿದ್ದವು. ಎಲ್ಲವನ್ನೂ ರೂಪಿಸಿದವನು ಅದೇ ಊರಿನ ಕಲಾವಿದ ಪೀಟರ್ ಪಾಲ್ ರೂಬೆನ್ಸ್. ಯಾಕೋಬ್ ಯೋರ್ಡಾನ್ಸ್‌ನಂಥ ಹೆಸರಾಂತ ಚಿತ್ರಕಾರರೂ ಕೈಜೋಡಿಸಿದ್ದರು.

ಕಮಾನುಗಳ ತುಂಬ ರಾಜಮನೆತನದ ಹೊಗಳಿಕೆ. ಅದು ಇದ್ದದ್ದೇ ಬಿಡಿ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಚಿತ್ರ. ಅದರಲ್ಲಿ ವ್ಯಾಪಾರದ ದೇವರು ಮರ್ಕ್ಯುರಿ ತನ್ನ ಪೀಠದಿಂದ ಹಾರಿ ಹೊರಟೇಬಿಟ್ಟಿದ್ದಾನೆ. ಆಂಟ್ವೆರ್ಪ್ ನಗರವೇ ಒಬ್ಬ ಹೆಣ್ಣಾಗಿ ಮಂಡಿಯೂರಿ ಬೇಡಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಮುದುಕನ ರೂಪದಲ್ಲಿ ಶೆಲ್ಟ್ ನದಿ. ಅವನ ಕಾಲಿಗೆ ಸಂಕೋಲೆ, ಕಣ್ಣಿಗೆ ನಿದ್ದೆ. ನಾವಿಕನಿಗೆ ಕೆಲಸವೇ ಇಲ್ಲ.

ಊರಿನ ಹೊಟ್ಟೆಪಾಡು ನಿಂತಿದ್ದು ಆ ನದಿಯ ಮೇಲೆ. ಒಂದು ಕಾಲಕ್ಕೆ ಯುರೋಪಿನ ಸರಕೆಲ್ಲ ಅಲ್ಲಿ ಬಂದಿಳಿಯುತ್ತಿತ್ತು. 1585ರಲ್ಲಿ ನಗರ ಸ್ಪೇನಿನ ಕೈಸೇರಿತು. ನದಿಯ ಬಾಯಿ ಮಾತ್ರ ಸ್ಪೇನಿನ ಶತ್ರುಗಳಾದ ಡಚ್ಚರ ಹಿಡಿತದಲ್ಲೇ ಉಳಿಯಿತು. ಸಮುದ್ರದ ಹಡಗು ಊರಿಗೆ ಬರುವ ದಾರಿ ಮುಚ್ಚಿತು. ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಆಮ್‌ಸ್ಟರ್‌ಡ್ಯಾಮ್ ಕಡೆ ಹೊರಟರು.

ಹೀಗಾಗಿ ಸ್ವಾಗತದ ನಡುವೆಯೇ ನಗರ ತನ್ನ ಗೋಳು ತೋಡಿಕೊಂಡಿತು. ದೊರೆಯ ತಮ್ಮನಿಗೆ ಎದುರು ನಿಂತು 'ನಮ್ಮ ಬಾಳು ಹಾಳಾಗಿದೆ, ಏನಾದರೂ ಮಾಡಿ' ಅನ್ನುವುದು ಸುಲಭವಲ್ಲ. ಬಣ್ಣ ಅದನ್ನು ಹೇಳಿತು. ಅದೂ ನಡುಬೀದಿಯಲ್ಲಿ, ಸಾವಿರಾರು ಜನರ ಕಣ್ಣೆದುರು. ಕೈ ಖಾಲಿಯಾದ ಊರು ಈ ಮೆರವಣಿಗೆಗೆ ಸಾಲದ ಹೊರೆ ಹೊತ್ತದ್ದು ಸುಮ್ನೆ ಅಲ್ಲ. ನನಗೆ ಇದರಲ್ಲಿ ಕಾಣುವುದು ಆಡಂಬರಕ್ಕಿಂತ ಧೈರ್ಯವೇ ಜಾಸ್ತಿ.

ಆ ದಿನ ರೂಬೆನ್ಸ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ. ಫರ್ಡಿನಂಡ್ ಆಮೇಲೆ ಅವನ ಮನೆಗೇ ಹೋಗಿ ನೋಡಿಕೊಂಡು ಬಂದ. ಕಲಾವಿದನಿಗೆ ಗೌರವ ಸಿಕ್ಕಿತು, ನದಿಗೆ ಬಿಡುಗಡೆ ಸಿಗಲಿಲ್ಲ. 1640ರಲ್ಲಿ ರೂಬೆನ್ಸ್, ಮರುವರ್ಷ ಫರ್ಡಿನಂಡ್ ತೀರಿಕೊಂಡರು. 1648ರಲ್ಲಿ ಡಚ್ಚರಿಗೂ ಸ್ಪೇನಿಗೂ ಮ್ಯೂನ್‌ಸ್ಟರ್ ಶಾಂತಿ ಒಪ್ಪಂದವಾದಾಗ ನದಿ ಮುಚ್ಚಿಯೇ ಇರಲಿ ಎಂಬ ಷರತ್ತಿಗೆ ಸ್ಪೇನ್ ಒಪ್ಪಿತು. ದೊರೆ ಅದೇ ನಾಲ್ಕನೇ ಫಿಲಿಪ್. ಶೆಲ್ಟ್ ಮತ್ತೆ ತೆರೆದುಕೊಂಡದ್ದು 1790ರ ದಶಕದಲ್ಲಿ, ಫ್ರೆಂಚರು ಬಂದ ಮೇಲೆ.

ನಮಸ್ಕಾರ.