ಬೋವರಿ ಬೀದಿಯ ಹಿಲ್ಲಿ

ನಂಬರ್ 315, ಬೋವರಿ. ನ್ಯೂಯಾರ್ಕಿಗೆ ಬಂದವನು ಎಲ್ಲಕ್ಕಿಂತ ಮೊದಲು ಹುಡುಕ್ಕೊಂಡು ಬಂದಿದ್ದು ಈ ವಿಳಾಸಾನ. ಇಲ್ಲೊಂದು ಬಾರ್ ಇತ್ತು, ಸಿಬಿಜಿಬಿ. ಪಂಕ್ ಅನ್ನೋ ಜೋರು, ಒರಟು ರಾಕ್ ಸಂಗೀತ ಬೆಳೆದ ಜಾಗ. ಅದರ ಓನರ್ ಹಿಲ್ಲಿ ಕ್ರಿಸ್ಟಲ್ 2007ರ ಆಗಸ್ಟ್ 28ಕ್ಕೆ ತೀರಿಕೊಂಡ್ರು. ಶ್ವಾಸಕೋಶದ ಕ್ಯಾನ್ಸರ್. 75 ವರ್ಷ ಆಗಿತ್ತು.

ನ್ಯೂಜೆರ್ಸಿಯಲ್ಲಿ ಹೊಲ, ಕೋಳಿ ನಡುವೆ ಬೆಳೆದೋರು. ಹಾಡೋ ಆಸೆ ಇತ್ತು, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನ ಕೋರಸ್‌ನಲ್ಲಿ ಹಾಡಿದ್ರು ಕೂಡ. 1973ರ ಡಿಸೆಂಬರ್‌ನಲ್ಲಿ ಬಾರಿಗೆ ಈ ಹೆಸರಿಟ್ಟಿದ್ದು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಅನ್ನೋ ಹಳೇ ಅಮೆರಿಕನ್ ಸಂಗೀತ ನುಡಿಸೋಕೆ ಅಂತ; ಆ ಮೂರರ ಇಂಗ್ಲಿಷ್ ಅಕ್ಷರ ಸೇರಿಯೇ ಸಿಬಿಜಿಬಿ. ಆಗ ಈ ಬೀದಿ ಮನೆಮಠ ಇಲ್ಲದೋರದ್ದು. ಬಾರಿನ ಮಹಡಿ ಮೇಲೇ ಅವರು ರಾತ್ರಿ ಕಳೆಯೋ ಅಗ್ಗದ ಲಾಡ್ಜ್.

ಒಂದಿನ ಹಿಲ್ಲಿ ಏಣಿ ಹತ್ತಿ ಮುಂದಿನ ಮೇಲ್ಛಾವಣಿ ಸರಿ ಮಾಡ್ತಿದ್ರಂತೆ. ದಾರೀಲಿ ಹೋಗ್ತಿದ್ದ ಇಬ್ಬರು ಹುಡುಗರು, ನಮ್ಮ ಬ್ಯಾಂಡಿಗೂ ಒಂದು ಚಾನ್ಸ್ ಕೊಡಿ ಅಂದ್ರು. ಅದೇ 'ಟೆಲಿವಿಷನ್'. 1974ರ ಮಾರ್ಚ್‌ನಲ್ಲಿ ಇಲ್ಲಿ ನುಡಿಸಿದ್ರು. ಹಿಲ್ಲಿಗೆ ಒಂಚೂರೂ ಹಿಡಿಸ್ಲಿಲ್ಲ. ಆಗಸ್ಟ್‌ನಲ್ಲಿ ರಾಮೋನ್ಸ್ ಬಂದ್ರು, ಅವರನ್ನ ಕೇಳಿ ಇದು ಯಾರಿಗೂ ಇಷ್ಟ ಆಗಲ್ಲ ಅಂತಾನೇ ಅಂದ್ಕೊಂಡ್ರು. ಆದ್ರೂ ಮತ್ತೆ ಕರೆದ್ರು. ಮತ್ತೆ ಮತ್ತೆ ಕರೆದ್ರು. ನನ್ನ ಕಣ್ಣಲ್ಲಿ ಹಿಲ್ಲಿ ದೊಡ್ಡ ಮನುಷ್ಯ ಆಗೋದು ಇಲ್ಲೇ. ತಾನು ಮೆಚ್ಚಿದ್ದಕ್ಕೆ ಜಾಗ ಕೊಡೋರು ಬೇಕಾದಷ್ಟು ಜನ ಸಿಗ್ತಾರೆ.

ಅವರದ್ದು ಒಂದೇ ಷರತ್ತು: ನಿಮ್ಮ ಸ್ವಂತ ಹಾಡೇ ಹಾಡ್ಬೇಕು. ಬಾಗಿಲಲ್ಲಿ ಬಂದ ಟಿಕೆಟ್ ದುಡ್ಡು ಬ್ಯಾಂಡಿಗೆ, ಕುಡಿತದ ದುಡ್ಡು ಬಾರಿಗೆ. ಬೆಂಗಳೂರಲ್ಲಿ ಗಿಟಾರ್ ಹಿಡ್ಕೊಂಡು ಪಬ್ಬಿಂದ ಪಬ್ಬಿಗೆ ಅಲೆದ ನನ್ನಂಥವನಿಗೆ ಈ ಷರತ್ತಿನ ಬೆಲೆ ಗೊತ್ತು. ನಮ್ಮನ್ನ ಕೇಳ್ತಿದ್ದಿದ್ದು ಜನಕ್ಕೆ ಗೊತ್ತಿರೋ ಹಾಡು. ಸ್ವಂತದ್ದು ಅಂದ್ರೆ, ಕೊನೇಲಿ ಟೈಮ್ ಉಳಿದ್ರೆ ನೋಡೋಣ. ಇಲ್ಲಿ ಸ್ವಂತದ್ದೇ ಹಾಡಿ ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಬೆಳೆದ್ರು.

ಹಾಗಂತ ಇದೇನು ಅರಮನೆ ಆಗಿರ್ಲಿಲ್ಲ. ಹಿಲ್ಲಿಯ ನಾಯಿ ಜೊನಾಥನ್ ಒಳಗೇ ಓಡಾಡ್ಕೊಂಡಿರ್ತಿತ್ತು, ಎಲ್ಲೆಂದರಲ್ಲಿ ಗಲೀಜು ಮಾಡ್ತಿತ್ತು, ಬಂದವರು ನೆಲ ನೋಡ್ಕೊಂಡೇ ಕಾಲಿಡಬೇಕು. ಗೋಡೆ ತುಂಬಾ ಸ್ಟಿಕ್ಕರ್, ಗೀಚಿದ ಹೆಸರುಗಳು. ಟಾಯ್ಲೆಟ್ ಎಷ್ಟು ಕುಖ್ಯಾತ ಅಂದ್ರೆ, 2013ರಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಂನೋರು ಪಂಕ್ ಪ್ರದರ್ಶನಕ್ಕೆ ಅದರ ತದ್ರೂಪನ್ನೇ ಕಟ್ಟಿಸಿದ್ರು. ಹಿಲ್ಲಿ ಬದುಕಿದ್ದಿದ್ರೆ ಹೋಗಿ ನೋಡಿ ಬರ್ತಿದ್ರು ಅನ್ಸುತ್ತೆ.

ಕೊನೆಗೆ ಜಾಗ ಬಾಡಿಗೆಗೆ ಕೊಟ್ಟೋರ ಜೊತೆ ಜಗಳ ಆಯ್ತು, ಅದು ಬಗೆಹರೀಲೇ ಇಲ್ಲ. 2006ರ ಅಕ್ಟೋಬರ್ 15, ಬಾರಿನ ಕೊನೇ ರಾತ್ರಿ. ಆಮೇಲೆ ಇದೇ ಜಾಗಕ್ಕೆ ದುಬಾರಿ ಬಟ್ಟೆ ಅಂಗಡಿ ಬಂತು. ಹಿಲ್ಲಿ ಮಾತ್ರ ಕೈಚೆಲ್ಲಿ ಕೂತಿರ್ಲಿಲ್ಲ, ಎಲ್ಲಾನೂ ಕಳಚಿ ಲಾಸ್ ವೇಗಸ್‌ಗೆ ಸಾಗಿಸ್ತೀನಿ ಅಂತಿದ್ರು. ಬಾರ್ ಮುಚ್ಚಿ ಒಂದು ವರ್ಷ ತುಂಬೋ ಮೊದಲೇ ಅವರೇ ಹೋಗ್ಬಿಟ್ರು.

ಆ ಕೊನೇ ರಾತ್ರಿ ಹಾಡಿದ್ದು ಪ್ಯಾಟಿ ಸ್ಮಿತ್. ಮುಗಿಸೋವಾಗ, ತೀರಿಹೋದ ಸಂಗೀತಗಾರರ ಹೆಸರುಗಳನ್ನ ಒಂದೊಂದಾಗಿ ಓದಿದ್ರು. ಆ ಪಟ್ಟಿ ಇವತ್ತು ನನ್ನ ಕೈಗೆ ಸಿಕ್ಕಿದ್ರೆ, ಒಂದು ಬಾರ್ ಓನರ್ ಹೆಸರನ್ನೂ ಅದರಲ್ಲಿ ಸೇರಿಸ್ತೀನಿ.