ಮಾನಾಕ್ಸೈಡ್ ಮಾಯವಾಗುವ ಜಾಗ

ಕೇಳುಗರೇ, ನಮಸ್ಕಾರ.

ನಕ್ಷತ್ರ ಹುಟ್ಟುವ ಮೋಡದೊಳಗೆ ಎಷ್ಟು ಚಳಿ ಗೊತ್ತಾ? ಹೆಚ್ಚುಕಡಿಮೆ ಮೈನಸ್ 263 ಡಿಗ್ರಿ. ಮಾಮೂಲಿ ದೂರದರ್ಶಕಕ್ಕೆ ಅದು ಬರೀ ಕರಿ ಕಲೆ, ಯಾಕೆಂದರೆ ಹಿಂದಿರುವ ನಕ್ಷತ್ರಗಳ ಬೆಳಕನ್ನೆಲ್ಲ ದೂಳು ತಡೆದುಬಿಡುತ್ತದೆ. ರೇಡಿಯೋ ಅಲೆಗಳಿಗೆ ಆ ದೂಳು ಲೆಕ್ಕಕ್ಕೇ ಇಲ್ಲ.

ಮೋಡದಲ್ಲಿ ಜಾಸ್ತಿ ಇರುವುದು ಹೈಡ್ರೋಜನ್ ಅಣು. ತಮಾಷೆ ಅಂದರೆ ಅದೇ ಕಾಣುವುದಿಲ್ಲ! ಎರಡು ತುದಿಯೂ ಒಂದೇ ಥರ ಇರುವ ಅಣು ಅದು, ಅಂಥ ಚಳಿಯಲ್ಲಿ ಅದರಿಂದ ರೇಡಿಯೋ ಅಲೆ ಹೊರಡುವುದಿಲ್ಲ. ಹಾಗಾಗಿ ಜೊತೆಗೆ ಚೂರುಪಾರು ಇರುವ ಕಾರ್ಬನ್ ಮಾನಾಕ್ಸೈಡನ್ನೇ ಹಿಡಿಯಬೇಕು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಸ್ ಅನ್ನುವ ವಿಜ್ಞಾನಿಗಳು ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಿಂದ ಓರಿಯನ್ ನಕ್ಷತ್ರಪುಂಜದ ಕಡೆ ಆಂಟೆನಾ ತಿರುಗಿಸಿದಾಗ ಅದು 115 ಗಿಗಾಹರ್ಟ್ಸ್‌ನಲ್ಲಿ ಸಿಕ್ಕಿತು. ಪ್ರತಿ ಅಣುವಿಗೂ ಅದರದೇ ಆವರ್ತನಗಳಿವೆ, ಅವು ಒಂಚೂರು ಸರಿದಿದ್ದರೆ ಅನಿಲ ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅನ್ನುವುದೂ ಗೊತ್ತಾಗುತ್ತದೆ. ಆಕಾಶದ ಒಂದೊಂದು ಚುಕ್ಕೆಗೂ ಹೀಗೆ ಅಳೆಯುತ್ತಾ ಹೋದರೆ ನಕ್ಷೆ ತಯಾರು.

ಆದರೆ ಆ ನಕ್ಷೆಯನ್ನು ಸುಮ್ನೆ ನಂಬಿದರೆ ಕೆಟ್ಟಿರಿ. ಅನಿಲ ಅತಿ ದಟ್ಟವಾಗಿರುವ ನಡುಭಾಗದಲ್ಲೇ, ಅಂದರೆ ನಕ್ಷತ್ರ ಹುಟ್ಟಬೇಕಾದ ಜಾಗದಲ್ಲೇ, ಮಾನಾಕ್ಸೈಡಿನ ರೇಡಿಯೋ ಸಂಕೇತ ಕುಗ್ಗಿರುತ್ತದೆ. ಎಲ್ಲಿಗೆ ಹೋಯಿತು? ತಣ್ಣನೆಯ ಗಾಜಿನ ಮೇಲೆ ಹನಿ ಕೂರುವ ಹಾಗೆ ದೂಳಿನ ಕಣಗಳ ಮೇಲೆ ಹೆಪ್ಪುಗಟ್ಟಿ, ಮಂಜಾಗಿ ಕೂತುಬಿಟ್ಟಿದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಮುಂದಿನ ಭಾಗ. ಎರಡು ನೈಟ್ರೋಜನ್, ಒಂದು ಹೈಡ್ರೋಜನ್ ಸೇರಿದ ಅಯಾನು, ಅಂದರೆ ವಿದ್ಯುದಾವೇಶ ಇರುವ ಕಣ, ಒಂದಿದೆ, ಡಯಾಜೆನಿಲಿಯಂ ಅಂತ. ಮಾನಾಕ್ಸೈಡ್ ಎದುರಾದರೆ ಅದು ಈ ಅಯಾನಿನ ಪ್ರೋಟಾನನ್ನು ಕಿತ್ತುಕೊಂಡು ಇದನ್ನು ಮುಗಿಸಿಬಿಡುತ್ತದೆ. ವೈರಿ ಮಂಜಾಗಿ ಕೂತ ಮೇಲೆ ಇದಕ್ಕೆ ಬಿಡುವು, ಅಲ್ವಾ? ಹಾಗಾಗಿ ಒಂದು ನಕ್ಷೆಯಲ್ಲಿ ತೂತು ಇರುವ ಕಡೆಯೇ ಇನ್ನೊಂದರಲ್ಲಿ ಹೊಳಪು.

ಮುಂದೆ ಮರಿ ನಕ್ಷತ್ರ ಬಿಸಿಯಾದರೆ ಮಂಜು ಆವಿಯಾಗಿ ಮಾನಾಕ್ಸೈಡ್ ವಾಪಸ್ ಬರುತ್ತದೆ, ಇನ್ನೂ ಬಿಸಿಯಾದರೆ ಮೆಥನಾಲ್ ಕೂಡ. ನಕ್ಷತ್ರ ಚಿಮ್ಮಿಸಿದ ಅನಿಲ ಸುತ್ತಲಿನ ಮೋಡಕ್ಕೆ ಜೋರಾಗಿ ಬಡಿದ ಕಡೆ ಸಿಲಿಕಾನ್ ಮಾನಾಕ್ಸೈಡ್ ಕಾಣುತ್ತದೆ. ಯಾವ ಅಣು ಎಲ್ಲಿದೆ ಅಂತ ನೋಡಿ ಮೋಡದ ವಯಸ್ಸನ್ನು ಅಂದಾಜು ಮಾಡಬಹುದು. ಅಂದಾಜು ಮಾತ್ರ, ಗಡಿಯಾರ ಅಂದುಕೊಳ್ಳಬೇಡಿ.

ಇಂಥ ಸೂಕ್ಷ್ಮ ನಕ್ಷೆಗಾಗಿ ಚಿಲಿಯ ಅಟಕಾಮಾದಲ್ಲಿ, ಸುಮಾರು 5000 ಮೀಟರ್ ಎತ್ತರದಲ್ಲಿ, ಆಲ್ಮಾ ಅನ್ನುವ ರೇಡಿಯೋ ದೂರದರ್ಶಕದ 66 ಆಂಟೆನಾಗಳಿವೆ. ಅಷ್ಟು ಮೇಲೆ ಯಾಕೆ? ಗಾಳಿಯ ನೀರಾವಿ ಈ ಪುಟ್ಟ ಅಲೆಗಳನ್ನು ನುಂಗುತ್ತದೆ. ಆದರೆ ಡಯಾಜೆನಿಲಿಯಂ ಕೂಡ ಎಲ್ಲ ಕಡೆ ಕೈಹಿಡಿಯುವುದಿಲ್ಲ: ಬಾರ್ನಾರ್ಡ್ 68 ಅನ್ನುವ ಕರಿ ಮೋಡದ ನಟ್ಟನಡುವೆ ಅದೂ ಮಂಕಾಗಿದೆ. ಹಾಗೆ ಎಲ್ಲವೂ ಮಂಜಾದ ಕಡೆ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಸೇರಿದ ಹೈಡ್ರೋಜನ್ ಅಯಾನನ್ನು ಹುಡುಕಬೇಕು, ಅದೂ 372 ಗಿಗಾಹರ್ಟ್ಸ್‌ನಲ್ಲಿ.